ತಗಡಿನ ಕೆಳಗಿನ ಉರಿ

"ಸರಿ. ಯಾರ ಮನೆಗೆ?"

ಅವರ ತರಗತಿಯಲ್ಲಿ ಯಾರು ಎಷ್ಟೇ ಚೆಂದದ ಮಾತಾಡಿದರೂ ಕೊನೆಗೆ ಈ ಪ್ರಶ್ನೆಯನ್ನು ಎದುರಿಸಬೇಕಾಗಿತ್ತು. ಹದಿನೆಂಟರ ಹುಡುಗಿಯೊಬ್ಬಳು ಧರ್ಮಗ್ರಂಥದ ಒಂದು ಸಾಲು ಹಿಡಿದು, ನರೆತ ತಲೆಯ ಮುಂದೆ ಎದ್ದು ನಿಲ್ಲಬೇಕು ಎಂದರೆ ಏನರ್ಥ ಎಂದು ಹತ್ತು ನಿಮಿಷ ಸೊಗಸಾಗಿ ವಿವರಿಸಿದಳೆನ್ನಿ. ಅವರು ಕನ್ನಡಕವನ್ನು ಹಣೆಗೇರಿಸಿಕೊಂಡು ಪೂರ್ತಿ ಕೇಳುತ್ತಿದ್ದರು. ಆಮೇಲೆ ಕೇಳುತ್ತಿದ್ದರು: "ಸರಿ. ಯಾರ ಮನೆಗೆ?" ಅಂದರೆ, ಇವತ್ತು ಮಧ್ಯಾಹ್ನ ಈ ಅರ್ಥವನ್ನು ಹಿಡಿದುಕೊಂಡು ಯಾರ ಬಾಗಿಲು ತಟ್ಟುತ್ತೀಯ ಎಂದು. ಹುಡುಗಿಗೆ ಉತ್ತರ ಗೊತ್ತಿರದಿದ್ದರೆ ಅವರ ಬಳಿ ಮನೆಗಳ ಒಂದು ಪಟ್ಟಿ ಸಿದ್ಧವಾಗಿರುತ್ತಿತ್ತು.

ಈ ಬೇಸಿಗೆಯಲ್ಲಿ ಅವರು ನಿವೃತ್ತರಾದರು. ಅವರ ಶಿಷ್ಯೆ ಶೀರಾ ಫೋನು ಮಾಡಿ ತಿಳಿಸಿದಳು. ಅವರನ್ನು ಬಲ್ಲವರೆಲ್ಲ ಎರಡೆರಡು ಮಾತು ಬರೆದುಕೊಡಬೇಕಂತೆ. ಇಂಗ್ಲಿಷಿನಲ್ಲಿ ಬರೆಯಲು ಕೂತೆ. "ಬಹಳ ಒಳ್ಳೆಯ ಹೆಂಗಸು" ಎಂಬ ಅರ್ಥದ ಒಂದು ಸಾಲು ಬರೆದು ಹೊಡೆದುಹಾಕಿದೆ. ಗಿಲ್‌ರಾಯ್‌ನ ಈ ಹೊಸ ಮನೆಯಲ್ಲಿ ಇಂದಿಗೂ ಸ್ಟೌವಿನ ಮುಂದೆ ನಿಂತರೆ ನನ್ನ ಕೈ ಗುಂಡಿಯ ಹತ್ತಿರ ಒಂದು ಕ್ಷಣ ತಡೆಯುತ್ತದೆ. ಆ ತಡೆಯುವ ಕೈಯನ್ನು ಬಿಟ್ಟು ಅವರ ಬಗ್ಗೆ ಬರೆಯಲು ನನಗೆ ಬರುವುದಿಲ್ಲ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರು ಆಡಿದ್ದೆಲ್ಲ ಇಂಗ್ಲಿಷೇ. ನನ್ನ ಕಿವಿಗೆ ಅದು ಹೇಗೆ ಕೇಳಿತೋ ಹಾಗೆ ಬರೆದಿದ್ದೇನೆ.

ಹೆಸರು ಬರೆಯುವುದಿಲ್ಲ. ಶಾಲೆಯ ಗೋಡೆಗೆ ತಮ್ಮ ಹೆಸರಿನ ಫಲಕ ಹಾಕಲು ಬಂದವನನ್ನು ಏಣಿಯಿಂದ ಇಳಿಸಿ, ಅದೇ ಏಣಿಯ ಜೊತೆ ಅವನನ್ನು ಪಕ್ಕದ ಬೀದಿಯ ಅಜ್ಜಿಯೊಬ್ಬರ ಮನೆಯ ಬಲ್ಬು ಬದಲಿಸಲು ಕಳಿಸಿದವರು ಅವರು. ಎಲ್ಲರೂ ಅವರನ್ನು 'ಮೋರಾ' ಎನ್ನುತ್ತಿದ್ದರು. ಹೀಬ್ರೂ ಭಾಷೆಯಲ್ಲಿ ಹಾಗೆಂದರೆ ನಮ್ಮ ಮೇಷ್ಟ್ರಮ್ಮ. ಆಗ ಐವತ್ತು ದಾಟಿದ್ದ, ಗಿಡ್ಡ, ಗಟ್ಟಿ ಹೆಂಗಸು. ತಲೆಗೆ ಬಿಗಿಯಾಗಿ ಕಟ್ಟಿದ ವಸ್ತ್ರ, ಕಾಲಿಗೆ ಗಂಡಸರ ಬೂಟು. ಹೆಗಲಿಗೆ ತೂಗುಬಿದ್ದ ಕ್ಯಾನ್ವಾಸ್ ಚೀಲದಲ್ಲಿ ಒಂದು ಪ್ರಾರ್ಥನೆಯ ಪುಸ್ತಕ, ಒಂದು ಸ್ಕ್ರೂಡ್ರೈವರು, ಉಗುರು ಕತ್ತರಿಸುವ ಕತ್ತರಿ.

ವಾಲ್ನಟ್ ಕ್ರೀಕ್‌ನ ಬಾರ್ಟ್ ರೈಲಿನ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಅವರ ಶಾಲೆ. ಹಿಂದೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಾಗಿದ್ದ ಕಟ್ಟಡ. ಯಹೂದಿ ಹೆಣ್ಣುಮಕ್ಕಳು ಹೈಸ್ಕೂಲು ಮುಗಿಸಿ, ಕಾಲೇಜು ಸೇರುವ ಮುನ್ನ ಒಂದು ವರ್ಷ ಅಲ್ಲಿ ಓದುತ್ತಿದ್ದರು. ಬೆಳಗ್ಗೆಯೆಲ್ಲ ತೋರಾ, ಅಂದರೆ ಅವರ ಧರ್ಮಗ್ರಂಥ. ಮಧ್ಯಾಹ್ನ ಊರಿನ ಕೆಲಸ: ಒಂಟಿ ಮುದುಕರಿಗೆ ಊಟ ಮುಟ್ಟಿಸುವುದು, ಕಣ್ಣು ಕಾಣದವರಿಗೆ ಕಾಗದ ಓದಿ ಹೇಳುವುದು, ಉಗುರು ಕತ್ತರಿಸುವುದು. ಇಬ್ಬಿಬ್ಬರು ಎದುರುಬದುರು ಕೂತು, ಒಂದು ಸಾಲನ್ನು ಮಧ್ಯೆ ಇಟ್ಟುಕೊಂಡು ಕೂಗಾಡುವುದೇ ಅಲ್ಲಿ ಓದುವ ಕ್ರಮ. ಮೊದಲ ಸಲ ಹೋದಾಗ ನಾನು ಬಾಗಿಲಲ್ಲೇ ನಿಂತುಬಿಟ್ಟೆ.

"ಒಳಗೆ ಜಗಳ ಆಗ್ತಿದೆ," ಎಂದೆ ಮೋರಾಗೆ.

"ಹೌದು. ನಿಂತ್ರೆ ಹೇಳು, ಏನೋ ಕೆಟ್ಟಿದೆ ಅಂತ ಹೋಗಿ ನೋಡ್ತೀನಿ."

ಅವು ಎಲ್ಲರ ಬಾಯಲ್ಲೂ ಡಾಟ್‌ಕಾಮ್ ಇದ್ದ ದಿನಗಳು. ಕಾಫಿ ಅಂಗಡಿಯ ಪಕ್ಕದ ಮೇಜಿನವರು ಕೂಡ ಕಂಪನಿ ತೆರೆಯುತ್ತಿದ್ದರು. ಡ್ಯಾನ್‌ವಿಲ್‌ನಿಂದ ಮಗಳನ್ನು ಬಿಡಲು ಬರುತ್ತಿದ್ದ ತಂದೆಯೊಬ್ಬರು ಒಂದು ದಿನ ಮೋರಾಗೆ ತಮ್ಮ ಯೋಜನೆ ವಿವರಿಸಿದರು. ಹುಡುಗಿಯರು ಹೀಗೆ ಮನೆ ಮನೆ ಅಲೆಯುವುದು ಯಾಕೆ? ಒಂದು ವೆಬ್‌ಸೈಟು ಮಾಡಿಸಿಕೊಡುತ್ತೇನೆ, ಮುದುಕರು ತಮಗೆ ಬೇಕಾದ್ದನ್ನು ಒತ್ತಿದರಾಯಿತು. ಮೋರಾ ಬಹಳ ಆಸಕ್ತಿಯಿಂದ ಕೇಳಿದರು.

"ತುಂಬಾ ಚೆನ್ನಾಗಿದೆ. ಒತ್ತೋ ಬೆರಳಿನ ಉಗುರು ಯಾರು ಕತ್ತರಿಸ್ತಾರೆ?"

ಆ ತಂದೆ ನಕ್ಕುಬಿಟ್ಟರು. ಮೋರಾ ನಗಲಿಲ್ಲ. ಅವರ ಕೈಗೆ ಕತ್ತರಿ ಕೊಟ್ಟು ಒಂದು ವಿಳಾಸ ಹೇಳಿದರು. ಆ ತಂದೆ ನಿಜಕ್ಕೂ ಹೋದರೆಂಬುದೇ ನನಗೆ ಆಶ್ಚರ್ಯ.

ನನಗೆ ಮೋರಾರ ಪರಿಚಯವಾದದ್ದು ನಮ್ಮ ಮನೆಯ ಬಾಗಿಲಲ್ಲಿ. ನಾನು ಹಾಸನದ ಕಾಲೇಜಿನಲ್ಲಿ ಎರಡು ವರ್ಷ ಕೆಮಿಸ್ಟ್ರಿ ಪಾಠ ಮಾಡಿದ್ದವಳು. ಇಲ್ಲಿಗೆ ಬಂದ ಮೇಲೆ ವೀಸಾದ ದೆಸೆಯಿಂದ ಕೆಲಸ ಮಾಡುವಂತಿರಲಿಲ್ಲ. ಗಂಡ ಶನಿವಾರವೂ ಆಫೀಸಿನಲ್ಲೇ ಇರುತ್ತಿದ್ದರು. ಆ ಚಳಿಗಾಲಕ್ಕೆ ಅತ್ತೆ ಹಾಸನದಿಂದ ಬಂದಿದ್ದರು. ನಮ್ಮದು ಅಪಾರ್ಟ್‌ಮೆಂಟಿನ ಕೆಳಗಿನ ಮನೆ. ಮೇಲೆ ಬರ್ನಿ ಎಂಬ ಎಂಬತ್ತೆರಡರ ಮುದುಕರು ಒಬ್ಬರೇ ಇದ್ದರು. ಬಸ್ಸು ರಿಪೇರಿ ಮಾಡಿ ನಿವೃತ್ತರಾದವರು. ನಾವು ಅವರನ್ನು ತಾತ ಎಂದೇ ಕರೆಯುತ್ತಿದ್ದೆವು.

ಒಂದು ಮಧ್ಯಾಹ್ನ ಬಾಗಿಲು ತೆರೆದರೆ ಮೋರಾ ನಿಂತಿದ್ದರು. ಹಿಂದೆ ಫೋಮಿನ ಪಟ್ಟಿಯ ಸುರುಳಿಗಳನ್ನು ಬಳೆಯ ಹಾಗೆ ತೋಳಿಗೇರಿಸಿಕೊಂಡ ಶೀರಾ. ಮುದುಕರ ಮನೆಗಳ ಕಿಟಕಿ ಸಂದಿಗಳಿಂದ ಚಳಿಗಾಳಿ ನುಗ್ಗುತ್ತದೆ, ಅದಕ್ಕೆ ಪಟ್ಟಿ ಅಂಟಿಸುತ್ತಿದ್ದೇವೆ, ಮೇಲಿನ ಮನೆ ಆಯಿತು, ಉಳಿದದ್ದರಲ್ಲಿ ನಿಮಗೂ ಹಚ್ಚಿಕೊಡಲೇ ಎಂದರು. ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅತ್ತೆ ಒಪ್ಪಲಿಲ್ಲ.

"ಬೇಡ ಅನ್ನೇ. ಕಿಟಕಿ ಮುಚ್ಚಿಬಿಟ್ರೆ ಒಗ್ಗರಣೆ ಹೊಗೆ ಎಲ್ಲಿಗೆ ಹೋಗ್ಬೇಕು? ನನ್ನ ಮೂಗಿಗಾ?"

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಮೂವರೂ ನಕ್ಕೆವು. ಆ ಮಾತನ್ನು ಮೇಲಿನ ಮನೆಗೂ ಅನ್ವಯಿಸಿ ನೋಡಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಅತ್ತೆಗೆ ಮೋರಾ ಕಂಡರೆ ಬಲು ಇಷ್ಟ. ಮಾತು ಒಬ್ಬರದು ಒಬ್ಬರಿಗೆ ತಿಳಿಯದು. ಅತ್ತೆ ಮಾಡಿದ ಕೋಡುಬಳೆಯನ್ನು ಮೋರಾ ತಿನ್ನಲಿಲ್ಲ. ತಮ್ಮ ನಿಯಮದ ಅಡುಗೆಮನೆಯಲ್ಲಿ ಆಗದ್ದನ್ನು ಅವರು ಮುಟ್ಟುವುದಿಲ್ಲ. ಸಿಪ್ಪೆ ಇರುವ ಹಣ್ಣು, ಕಾಗದದ ಲೋಟದಲ್ಲಿ ನೀರು, ಅಷ್ಟೇ. ನಾನು ಸಂಕೋಚದಿಂದ ಸತ್ತೆ. ಅತ್ತೆ ಮಾತ್ರ ಖುಷಿಯಾಗಿಬಿಟ್ಟರು.

"ನಮ್ಮಮ್ಮನೂ ಹಿಂಗೇ ಕಣೇ. ಯಾರ ಮನೆಗೆ ಹೋದ್ರೂ ಬಾಳೆಹಣ್ಣೇ. ಹಾಲಿಗೆ ಬೇರೆ ಪಾತ್ರೆ, ಇನ್ನೊಂದಕ್ಕೆ ಬೇರೆ ಪಾತ್ರೆ ಅಂತಾರಲ್ಲ, ಇದು ಮಡಿ ಅಲ್ದೆ ಇನ್ನೇನು? ಈವಮ್ಮ ನಮ್ಮೋಳೇ."

ಹೀಗೆ ನಾವು ಅವರ ಧರ್ಮವನ್ನು ನಮ್ಮ ಮಡಿಯ ಅಳತೆಯಲ್ಲಿ ಅರ್ಥ ಮಾಡಿಕೊಂಡೆವು. ಅರ್ಥವಾಯಿತೆಂದೇ ನಂಬಿದೆವು.

ಶುಕ್ರವಾರ ಸೂರ್ಯ ಮುಳುಗುವುದರಿಂದ ಶನಿವಾರ ಕತ್ತಲಾಗುವವರೆಗೆ ಅವರಿಗೆ ಶಬ್ಬತ್, ವಾರದ ವಿಶ್ರಾಂತಿಯ ದಿನ. ಬೆಂಕಿ ಹಚ್ಚುವಂತಿಲ್ಲ, ಆರಿಸುವಂತಿಲ್ಲ. ಸ್ವಿಚ್ಚು, ಫೋನು, ಕಾರು ಮುಟ್ಟುವಂತಿಲ್ಲ. ಹೊರಗೆ ಏನನ್ನೂ ಹೊತ್ತೊಯ್ಯುವಂತೆಯೂ ಇಲ್ಲ. ಶನಿವಾರ ಮೋರಾ ಆ ಚೀಲವಿಲ್ಲದೆ ಬರಿಗೈಯಲ್ಲಿ ನಡೆದು ಬರುವುದನ್ನು ನೋಡಿದರೆ ಬೇರೆ ಯಾರೋ ಅನಿಸುತ್ತಿತ್ತು. ಮರುದಿನದ ಬಿಸಿ ಊಟಕ್ಕೆ ಒಂದು ಉಪಾಯ ಉಂಟು. ಶುಕ್ರವಾರವೇ ಗ್ಯಾಸು ಸಣ್ಣಗೆ ಹಚ್ಚಿ, ಒಲೆಯ ಮೇಲೆ ಒಂದು ತಗಡು ಮುಚ್ಚಿ, ಅದರ ಮೇಲೆ ಕಾಳು, ಆಲೂಗೆಡ್ಡೆ, ಮಾಂಸದ ಪಾತ್ರೆ ಇಟ್ಟುಬಿಡುತ್ತಾರೆ. ಅದು ರಾತ್ರಿಯಿಡೀ, ಮರುದಿನವೂ ಅಲ್ಲೇ ಬೇಯುತ್ತಿರುತ್ತದೆ.

ಬರ್ನಿ ತಾತ ಜೀವನವಿಡೀ ಇದನ್ನೆಲ್ಲ ಪಾಲಿಸಿದವರಲ್ಲ. ಪಾಲಿಸುತ್ತಿದ್ದವರು ಅವರ ಹೆಂಡತಿ ಎಸ್ತರ್. ಆಕೆ ತೀರಿಕೊಂಡ ಮೇಲೆ ತಾತ ಅವಳ ತಗಡನ್ನು ಕಪಾಟಿನಿಂದ ತೆಗೆದು, ಇದನ್ನು ಹೇಗಿಡಬೇಕು ಹೇಳಿಕೊಡಿ ಎಂದು ಮೋರಾರನ್ನು ಕೇಳಿದರಂತೆ. ಮೋರಾ ಹೇಳಿಕೊಟ್ಟರು. ಶನಿವಾರ ಮೂರು ಗಂಟೆಗೆ ಒಬ್ಬ ಹುಡುಗಿಯೊಂದಿಗೆ ನಡೆದು ಬಂದು ಅವರ ಜೊತೆ ಊಟಕ್ಕೆ ಕೂರುತ್ತಿದ್ದರು. ಅದಕ್ಕೂ ಮುಂಚೆ, ಬೆಳಗ್ಗೆ ಒಮ್ಮೆ ಹೋಗಿ ನೋಡಿಬರುವ ಕೆಲಸವನ್ನು ನನಗೆ ಒಪ್ಪಿಸಿದ್ದರು. "ನಿನಗೆ ಸಂಬಳ ತಗೊಳ್ಳೋಕೆ ಕಾನೂನು ಬಿಡಲ್ಲ. ಮೆಟ್ಟಿಲು ಹತ್ತೋಕೆ ಬಿಡುತ್ತಲ್ಲ?"

ಆ ಜನವರಿಯ ಶನಿವಾರ ಹತ್ತು ಗಂಟೆಗೆ ನಾನು ಮೆಟ್ಟಿಲು ಹತ್ತಿದೆ.

ತಾತ ಅಡುಗೆಮನೆಯ ಕುರ್ಚಿಯಲ್ಲಿ ಸ್ವೆಟರು ಹಾಕಿಕೊಂಡು ಕೂತಿದ್ದರು. ಮನೆ ಬೆಚ್ಚಗಿತ್ತು. ಕಿಟಕಿಯ ಗಾಜಿನ ಮೇಲೆಲ್ಲ ನೀರು ಇಳಿಯುತ್ತಿತ್ತು. "ಸ್ವಲ್ಪ ತಲೆನೋವು. ಹವಾ ಸರಿ ಇಲ್ಲ," ಎಂದರು. ನಾನು ಒಲೆಯ ಕಡೆ ನೋಡಿದೆ. ತಗಡು ಒಲೆಯನ್ನು ಅಂಚಿನಿಂದ ಅಂಚಿಗೆ ಮುಚ್ಚಿತ್ತು. ಮುಂದಿನ ಸಂದಿಯಲ್ಲಿ ಉರಿ ಕಾಣುತ್ತಿತ್ತು. ಅದು ನೀಲಿಯಾಗಿರಲಿಲ್ಲ. ಹಳದಿ ನಾಲಗೆಗಳು ತಗಡನ್ನು ನೆಕ್ಕುತ್ತಿದ್ದವು. ನೆಕ್ಕಿದಲ್ಲಿ ಮಸಿ ಹಿಡಿದಿತ್ತು.

ಎರಡು ವರ್ಷ ಆ ಪಾಠ ಮಾಡಿದ್ದೇನೆ. ಹಳದಿ ಉರಿ ಎಂದರೆ ಗಾಳಿ ಸಾಲದು. ಗಾಳಿ ಸಾಲದೆ ಉರಿದರೆ ಹುಟ್ಟುವುದು ಕಾರ್ಬನ್ ಮಾನಾಕ್ಸೈಡು. ಬಣ್ಣವಿಲ್ಲ, ವಾಸನೆಯಿಲ್ಲ, ಮೊದಲ ಲಕ್ಷಣ ತಲೆನೋವು. ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದಿದ್ದೇನೆ. ನನ್ನ ಕೈ ಗುಂಡಿಯವರೆಗೆ ಹೋಯಿತು.

ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಇದು ಅವರ ಶಬ್ಬತ್ತಿನ ಬೆಂಕಿ. ಮಡಿ ಅಡುಗೆಗೆ ಹೊರಗಿನವಳ ಕೈ ಸೋಕಿದ ಹಾಗಾಗುತ್ತದೆ. ಹೆಂಡತಿಯ ನೆನಪಿಗೆ ಮಾಡಿಕೊಂಡ ಊಟವನ್ನು ಈ ಮುದುಕರು ಚೆಲ್ಲಬೇಕಾದೀತು. ಕಿಟಕಿಯನ್ನಾದರೂ ತೆರೆಯೋಣವೆಂದರೆ ಚಳಿ, ಪಟ್ಟಿ ಬೇರೆ ಅಂಟಿಸಿದ್ದಾರೆ. ಕೆಳಗೆ ಬಂದು ಅತ್ತೆಗೆ ಹೇಳಿದೆ.

"ಮುಟ್ಟಿಲ್ಲ ತಾನೆ?"

"ಇಲ್ಲ ಅತ್ತೆ."

"ಒಳ್ಳೇದಾಯ್ತು. ಮೂರು ಗಂಟೆಗೆ ಈವಮ್ಮನೇ ಬರ್ತಾರಲ್ಲ, ಹೇಳು. ಅವರ ಮಡಿ ಅವರಿಗೇ ಗೊತ್ತು."

ಐದು ಗಂಟೆಯ ಕಾಲ ನಾನು ಬಟ್ಟೆ ಮಡಿಸಿದೆ, ಹುಳಿ ಮಾಡಿದೆ, ಎರಡು ಸಲ ಮೆಟ್ಟಿಲವರೆಗೆ ಹೋಗಿ ವಾಪಸು ಬಂದೆ.

ಮೂರಕ್ಕೆ ಮೇಲಿನ ಕಾರಿಡಾರಿನಲ್ಲಿ ಬೂಟಿನ ಸದ್ದಾಯಿತು. ಆಮೇಲೆ ಶೀರಾ ಕಿರುಚಿದಳು.

ಓಡಿದೆ. ತಾತ ಕುರ್ಚಿಯಿಂದ ಜಾರಿ ನೆಲದ ಮೇಲಿದ್ದರು. ಮುಖ ಕೆಂಪಗಿತ್ತು, ಆರೋಗ್ಯದ ಕೆಂಪಿನ ಹಾಗೆ. ಆ ವಿಷಗಾಳಿ ಏರಿದವರ ಮುಖ ಹಾಗೆ ಕೆಂಪಾಗುತ್ತದೆ; ನೆನೆದರೆ ನನಗೆ ಇಂದಿಗೂ ಭಯ. ಮೋರಾ ಅವರ ಎರಡೂ ಕಂಕುಳಿಗೆ ಕೈ ಹಾಕಿ ಎಳೆಯುತ್ತಿದ್ದರು. ನಾನು ಒಲೆಯ ಮುಂದೆ ನಿಂತೆ. ಗುಂಡಿಯ ಮೇಲೆ ಕೈಯಿಟ್ಟು, ಆಗಲೂ, ಆ ಹೊತ್ತಿನಲ್ಲೂ, ತಿರುಗಿ ಕೇಳಿದೆ: "ಮುಟ್ಟಬಹುದಾ?"

ಅವರು ತಾತನನ್ನು ಬಿಟ್ಟು ಎದ್ದು, ನನ್ನ ಕೈಯ ಮೇಲಿಂದಲೇ ಗುಂಡಿ ತಿರುಗಿಸಿದರು. ಇನ್ನೊಂದನ್ನೂ ತಿರುಗಿಸಿದರು. ಕಿಟಕಿ ಎಳೆದರು. ಅವರೇ ಅಂಟಿಸಿದ ಪಟ್ಟಿ, ಬಿಡಲಿಲ್ಲ. ಕುರ್ಚಿ ಎತ್ತಿ ಗಾಜಿಗೆ ಹೊಡೆದರು.

"ಕಾಲು ಹಿಡಿ!"

ಇಬ್ಬರೂ ಸೇರಿ ತಾತನನ್ನು ಹೊರಗಿನ ಕಾರಿಡಾರಿಗೆ ತಂದೆವು. ನನ್ನ ಹಣೆಯಲ್ಲಿ ಯಾರೋ ಬಡಿಯುತ್ತಿದ್ದರು. "ಫೋನು ನಾನು ಮಾಡ್ತೀನಿ, ನೀವು ಮುಟ್ಟೋ ಹಾಗಿಲ್ಲ," ಎಂದೆ.

"ಉಸಿರಾಟ ನೋಡ್ತಾ ಕೂತ್ಕೋ. ಶೀರಾ, ನೀನು ನನ್ನ ಜೊತೆ ಬಾ. ನಾನು ಏನು ಮಾಡ್ತೀನಿ ನೋಡು."

ಕೆಳಗೆ ನಮ್ಮ ಮನೆಗೆ ಹೋಗಿ, ಅತ್ತೆಯ ಎದುರಿಗೇ, ಅವರೇ ಒಂಬತ್ತು ಒಂದು ಒಂದು ಒತ್ತಿದರು. ವಿಳಾಸ, ವಯಸ್ಸು, ತಾತ ನುಂಗುವ ಮಾತ್ರೆಗಳು, ಒಂದೂ ಬಿಡದೆ ಹೇಳಿದರು. ಆಂಬುಲೆನ್ಸು ಬಂತು. ಹಿಂದೆ ಮುಂದೆ ನೋಡದೆ ಹತ್ತಿ ತಾತನ ಪಕ್ಕ ಕೂತರು. ಕೈಯಲ್ಲಿ ಚೀಲವಿಲ್ಲ, ಒಂದು ಕಾಸಿಲ್ಲ. ಬಾಗಿಲು ಮುಚ್ಚುವಾಗ ಅವರ ತಲೆವಸ್ತ್ರ ಒಂದು ಕಡೆ ಜಾರಿತ್ತು; ಕೂದಲಲ್ಲಿ ಗಾಜಿನ ಪುಡಿ ಹೊಳೆಯುತ್ತಿತ್ತು.

ಶೀರಾ ನಮ್ಮ ಮನೆಯ ನೆಲದ ಮೇಲೆ ಕೂತು ಅತ್ತಳು. ಅತ್ತೆ ಅವಳ ಬೆನ್ನು ಸವರುತ್ತ ನನ್ನ ಮುಖ ನೋಡಲಿಲ್ಲ. ಆಮೇಲೆ ಹೇಳಿದರು: "ನಮ್ಮತ್ತೆ ಮಡೀಲಿ ಅಡುಗೆ ಮಾಡ್ತಿದ್ದಾಗ ಒಂದ್ಸಲ ಸೆರಗಿಗೆ ಬೆಂಕಿ ಹತ್ತಿತು. ನಾನು ಮೈಲಿಗೇಲಿದ್ದೆ. ಯೋಚನೆ ಮಾಡ್ಲಿಲ್ಲ ಕಣೇ, ಬಿಂದಿಗೆ ನೀರು ಸುರಿದು ತಬ್ಕೊಂಡೆ. ಅವರೂ ಒಂದು ಮಾತು ಅನ್ಲಿಲ್ಲ. ಇವತ್ತು ನಾನ್ಯಾಕೆ ನಿಂಗೆ ಹಾಗಂದ್ನೋ."

ನಮ್ಮ ಮಡಿ ಎಲ್ಲಿ ಸಡಿಲವಾಗುತ್ತದೆಂದು ನಮಗೆ ಗೊತ್ತಿತ್ತು. ಅವರದ್ದು ಕಬ್ಬಿಣವೆಂದುಕೊಂಡಿದ್ದೆವು.

ಕತ್ತಲಾದ ಮೇಲೆ ಮೋರಾರ ಫೋನು ಬಂತು. "ಕಣ್ಣು ಬಿಟ್ಟಿದ್ದಾರೆ. ನನ್ನನ್ನ ಎಸ್ತರ್ ಅಂತ ಕರೆದ್ರು. ಇರಲಿ."

ಮರುದಿನ ಬೆಳಗ್ಗೆ ಮೋರಾ ಬಂದು ನಮ್ಮ ಅಡುಗೆಮನೆಯಲ್ಲಿ ಕೂತರು. ಅತ್ತೆ ಕಾಗದದ ಲೋಟದಲ್ಲಿ ನೀರು ಕೊಟ್ಟರು. ನನ್ನ ಕೈಲಿ ಮಾಡಿಸಬಹುದಿತ್ತಲ್ಲ, ನಿಮ್ಮ ಶಬ್ಬತ್ ಯಾಕೆ ಕೆಡಿಸಿಕೊಂಡಿರಿ ಎಂದು ಕೇಳಿದೆ.

"ಕೆಡಲಿಲ್ಲ. ಜೀವ ಹೋಗೋ ಹಾಗಿದ್ರೆ ಬೆಂಕಿ ಆರಿಸೋದೇ ಆ ದಿನದ ಕರ್ತವ್ಯ. ನಮ್ಮ ಗ್ರಂಥಗಳಲ್ಲಿ ಇನ್ನೊಂದು ಮಾತೂ ಬರೆದಿದೆ: ಆ ಕೆಲಸನ ಹೊರಗಿನವರಿಗೋ ಮಕ್ಕಳಿಗೋ ಒಪ್ಪಿಸಬೇಡಿ, ಎಲ್ಲರಿಗಿಂತ ಓದಿದೋರು ಎಲ್ಲರ ಕಣ್ಣೆದುರಿಗೆ ಮಾಡಿ ಅಂತ. ನಿನ್ನ ಕೈಲಿ ಮಾಡಿಸಿದ್ರೆ ಶೀರಾ ಏನು ಕಲೀತಿದ್ಲು? ಇದು ಕೊಳಕು ಕೆಲಸ, ಬೇರೆಯವರಿಗೆ ಕೊಡೋದು ಅಂತ. ಇನ್ನೊಂದು ದಿನ ನೀನು ಇರಲ್ಲ. ಅವಳೊಬ್ಬಳೇ ಇರ್ತಾಳೆ. ಯಾರನ್ನೋ ಹುಡುಕ್ತಾ ನಿಲ್ತಾಳೆ."

ಎದ್ದು ನಿಂತು ಚೀಲದಿಂದ ಸ್ಕ್ರೂಡ್ರೈವರು ತೆಗೆದರು. "ಹನ್ನೊಂದು ಮನೆಗೆ ಪಟ್ಟಿ ಅಂಟಿಸಿದ್ದೀನಿ. ಇವತ್ತೇ ಕೀಳ್ಬೇಕು."

ಅವರು ಅಳಲಿಲ್ಲ, ತಮ್ಮನ್ನು ತಾವು ಬೈದುಕೊಳ್ಳಲೂ ಇಲ್ಲ. ಕೆಲವು ತಂದೆತಾಯಿಗಳು ಬಂದು, ಇನ್ನು ಈ ಮನೆ ಮನೆ ಸುತ್ತುವುದು ಸಾಕು, ಹುಡುಗಿಯರು ಓದಿಕೊಂಡಿರಲಿ ಎಂದರು. "ಕಿಟಕಿ ಮುಚ್ಚಿದ್ದು ನಾನು. ಅಡುಗೆಮನೆ ನೋಡದೆ ಮುಚ್ಚಿದೆ. ಅದಕ್ಕೇ ನಾವು ಇನ್ನೂ ಹೆಚ್ಚು ಸಲ ಹೋಗ್ಬೇಕು, ಕಡಿಮೆ ಅಲ್ಲ," ಎಂದರಂತೆ. ವಿಷಗಾಳಿ ಬಂದರೆ ಕೂಗುವ ಡಬ್ಬಿಗಳನ್ನು ಹನ್ನೊಂದು ಮನೆಗೂ ಹಾಕಿಸಿದರು. ಗ್ಯಾಸಿನ ಬದಲು ಊಟವನ್ನು ಬೆಚ್ಚಗಿಡುವ ಕರೆಂಟಿನ ತಟ್ಟೆಗಳನ್ನು ತರಿಸಿದರು. ನನ್ನನ್ನು ಕರೆದು, "ನೀನು ಕೆಮಿಸ್ಟ್ರಿ ಓದಿದವಳು. ಹುಡುಗೀರಿಗೆ ಉರಿ ನೋಡೋದು ಕಲಿಸು," ಎಂದರು.

ಮೂರು ವಾರ ನೆಪ ಹೇಳಿದೆ. ಅತ್ತೆಗೆ ಹುಷಾರಿಲ್ಲ, ನನಗೆ ನೆಗಡಿ. ನಿಜವೇನೆಂದರೆ ಬೆಳಗ್ಗೆ ಹತ್ತು ಗಂಟೆಗೆ ನಾನು ಕಂಡದ್ದನ್ನು ಅವರಿಗೆ ಹೇಳಿರಲಿಲ್ಲ. ಹೇಳದೆ ಆ ಪಾಠ ಮಾಡುವುದು ಹೇಗೆ?

ನಾಲ್ಕನೆಯ ವಾರ ಹೋದೆ. ಶಾಲೆಯ ಅಡುಗೆಮನೆಯಲ್ಲಿ ಹತ್ತು ಹುಡುಗಿಯರು ಒಲೆಯ ಸುತ್ತ ನಿಂತರು. ಗ್ಯಾಸು ಹಚ್ಚಿದೆ: ನೀಲಿ. ತಗಡು ಮುಚ್ಚಿದೆ. ಸ್ವಲ್ಪ ಹೊತ್ತಿಗೆ ತುದಿಗಳು ಹಳದಿಯಾದವು. ಏನಾಗುತ್ತಿದೆ ಎಂದು ವಿವರಿಸಿದೆ. ಬಹಳ ದಿನಗಳ ಮೇಲೆ ನನ್ನ ಗಂಟಲಿನಿಂದ ಪಾಠದ ದನಿ ಬಂತು. ಆಗ ಶೀರಾ ಕೇಳಿದಳು.

"ಹಾಗಾದ್ರೆ, ಅವತ್ತು ಬೆಳಿಗ್ಗೆ ನೋಡಿದ್ರೆ ನಿಮಗೆ ಗೊತ್ತಾಗ್ತಿತ್ತಾ?"

ಒಲೆ ಆರಿಸಿದೆ. "ನೋಡಿದೆ. ಗೊತ್ತಾಯ್ತು. ಕೈ ಗುಂಡಿವರೆಗೆ ಹೋಗಿತ್ತು. ನಿಮ್ಮ ನಿಯಮ ಕೆಡುತ್ತೆ ಅಂತ ವಾಪಸ್ ಬಂದೆ."

ಆ ಕಟ್ಟಡದ ಜಗಳ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು. ಮೋರಾರ ಮುಖದಲ್ಲಿ ಕ್ಷಮೆ ಇದೆಯೇ ಎಂದು ಹುಡುಕಿದೆ. ಅವರು ಕನ್ನಡಕ ಹಣೆಗೇರಿಸಿದರು.

"ಮೇಜಿಗೆ ಬನ್ನಿ," ಎಂದರು. "ಇವತ್ತಿನ ಪಾಠ ಇದೇ. ಒಬ್ಬಳು ಬೆಂಕಿ ನೋಡಿದ್ಲು, ಗೌರವದಿಂದ ಸುಮ್ಮನಾದ್ಲು. ಒಬ್ಬಳು ಬೆಚ್ಚಗಿರಲಿ ಅಂತ ಕಿಟಕಿ ಮುಚ್ಚಿದ್ಲು, ಪ್ರೀತಿಯಿಂದ. ಎರಡನ್ನೂ ಮಧ್ಯೆ ಇಟ್ಕೊಂಡು ಶುರು ಮಾಡಿ."

ಶೀರಾಳೇ ತೊಡಗಿದಳು. ನಂತರ ಗದ್ದಲವೋ ಗದ್ದಲ. ಗೌರವ ಎಂದರೆ ದೂರ ನಿಲ್ಲುವುದೇ? ಅನುಮತಿ ಕೇಳದೆ ಇನ್ನೊಬ್ಬರ ಒಲೆ ಮುಟ್ಟುವುದು ಅಹಂಕಾರವಲ್ಲವೇ? ಸಾಯುತ್ತಿರುವವರ ಅನುಮತಿ ಎಲ್ಲಿ ಸಿಗುತ್ತದೆ? ಅವರು ಆಗ ಸಾಯುತ್ತಿರಲಿಲ್ಲ, ಕುರ್ಚಿಯಲ್ಲಿ ಕೂತಿದ್ದರು! ಒಬ್ಬಳು ನನ್ನ ಪರ ಮೇಜು ಗುದ್ದಿದಳು. ಇನ್ನೊಬ್ಬಳು, "ನೀವು ಅವರ ಬೈಗುಳಕ್ಕೆ ಹೆದರಿದ್ರಿ, ಗೌರವ ಅಂತ ಹೆಸರಿಟ್ರಿ," ಎಂದು ನೇರ ನನ್ನ ಮುಖಕ್ಕೇ ಹೇಳಿದಳು. ಉರಿಯಿತು. ಯೋಚಿಸಿದೆ. ಪೂರ್ತಿ ಸುಳ್ಳಲ್ಲ ಎಂದು ಒಪ್ಪಿಕೊಂಡೆ. ನನ್ನನ್ನು ಯಾರೂ ಸಮಾಧಾನ ಮಾಡಲಿಲ್ಲ. ಆದರೆ ಅಷ್ಟು ದಿನ ಒಬ್ಬಳೇ ಹೊತ್ತಿದ್ದ ಐದು ಗಂಟೆಗಳನ್ನು ಹತ್ತು ಜನ ಎತ್ತಿ, ತಿರುವಿ, ಎಳೆದಾಡುತ್ತಿದ್ದರು. ಮೋರಾ ಕಿಟಕಿಯ ಬಳಿ ನಿಂತು ಕೇಳುತ್ತಿದ್ದರು.

ಆರು ವಾರ ಕಳೆದು ತಾತ ಮನೆಗೆ ಬಂದರು. ಬಲಗೈ ನಡುಗುತ್ತಿತ್ತು, ಕೆಲವು ಹೆಸರುಗಳು ಮರೆತಿದ್ದವು. ಮೊಂಡುತನ ಮಾತ್ರ ಹಾಗೇ ಇತ್ತು. ಕರೆಂಟಿನ ತಟ್ಟೆ ಹಿಡಿದು ಹೋದ ಇಬ್ಬರು ಹುಡುಗಿಯರನ್ನು ಬಾಗಿಲಿಂದಲೇ ಓಡಿಸಿದರು. ಮುಂದಿನ ಶುಕ್ರವಾರ, ಬಿಸಿಲು ಇಳಿಯುವುದಕ್ಕೆ ಒಂದು ಗಂಟೆ ಮುಂಚೆ, ಮೋರಾ ನಮ್ಮ ಬಾಗಿಲು ತಟ್ಟಿ ಆ ತಟ್ಟೆಯ ಪೆಟ್ಟಿಗೆಯನ್ನು ನನ್ನ ಕೈಗಿಟ್ಟರು.

"ನೀವು ಬರಲ್ವಾ?"

"ನಾನು ಬಂದ್ರೆ ನನ್ನ ಮಾತಿಗೆ ಒಪ್ತಾರೆ. ದಿನಾ ಕೆಳಗಿರೋಳು ನೀನು, ನಿನ್ನ ಮಾತಿಗೂ ಹೆದರಬೇಕು. ಹೋಗು."

ತಾತ ಆಗಲೇ ಎಸ್ತರ್‌ಳ ತಗಡನ್ನು ಒಲೆಗೆ ಮುಚ್ಚಿ, ಗ್ಯಾಸು ಹಚ್ಚಿ, ಪಾತ್ರೆ ಇಟ್ಟಿದ್ದರು.

"ಆ ಡಬ್ಬಾ ಹೊರಗಿಟ್ಟು ಒಳಗೆ ಬಾ."

"ಇವತ್ತಿಂದ ಗ್ಯಾಸ್ ಇಲ್ಲ ತಾತ."

"ಇದು ಯಾರ ಮನೆ?"

"ನಿಮ್ಮದೇ."

"ಹಾಗಾದ್ರೆ ನಡಿ ಹೊರಗೆ."

ನಾನು ನಡೆಯಲಿಲ್ಲ. ಪಾತ್ರೆಯನ್ನು ಎರಡು ಬಟ್ಟೆ ಹಿಡಿದು ಇಳಿಸಿದೆ. ತಾತ ಎದ್ದು ನಿಂತರು. ನಡುಗುವ ಕೈ ಮೇಜನ್ನು ಹಿಡಿದುಕೊಂಡಿತ್ತು.

"ಅದು ನನ್ನ ಹೆಂಡತಿ ತಗಡು! ನಲವತ್ತು ವರ್ಷ ಅದರ ಮೇಲೆ ಇಟ್ಟಳು. ಅವಳಿಗೇನೂ ಆಗ್ಲಿಲ್ಲ. ನಿನಗೇನು ಗೊತ್ತು ನಮ್ಮ ಶಬ್ಬತ್?"

ಇದೇ ಮಾತು ಅವರ ಬಾಯಿಂದ ಬಾರದೆಯೇ ಅವತ್ತು ನನ್ನ ಕೈಯನ್ನು ಹಿಂದಕ್ಕೆ ಎಳೆದಿತ್ತು. ಈಗ ಬಾಯಿಂದಲೇ ಬಂತು.

"ನಿಮ್ಮ ಶಬ್ಬತ್ ಗೊತ್ತಿಲ್ಲ ತಾತ. ಉರಿ ಗೊತ್ತು."

ಗುಂಡಿ ತಿರುಗಿಸಿದೆ. ಯಾರನ್ನೂ ಕೇಳಲಿಲ್ಲ. ತಗಡನ್ನು ಗೋಡೆಗೆ ಒರಗಿಸಿ, ಕರೆಂಟಿನ ತಟ್ಟೆ ಜೋಡಿಸಿ, ಪಾತ್ರೆಯನ್ನು ಅದರ ಮೇಲಿಟ್ಟೆ. ಕಿಟಕಿಯನ್ನು ಎರಡು ಬೆರಳಗಲ ತೆರೆದೆ. ತಾತ ನನಗೆ ಗೊತ್ತಿರುವ ಇಂಗ್ಲಿಷಿನಲ್ಲೂ ಗೊತ್ತಿಲ್ಲದ ಇನ್ನೊಂದು ಭಾಷೆಯಲ್ಲೂ ಬೈಯುತ್ತಲೇ ಇದ್ದರು. ಎಷ್ಟು ಜೋರಾಗಿ ಎಂದರೆ ಕೆಳಗಿನ ರಸ್ತೆಗೂ ಕೇಳಿಸುತ್ತಿತ್ತು.

ಕಿಟಕಿಯ ಹೊಸ ಗಾಜಿನೊಳಗಿಂದ ಕೆಳಗೆ ನೋಡಿದೆ. ಮೋರಾ ಮೆಟ್ಟಿಲ ಬುಡದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಚೀಲದಿಂದ ಮನೆಗಳ ಪಟ್ಟಿಯ ಕಾಗದ ತೆಗೆದು, ತಾತನ ಹೆಸರಿನ ಮೇಲೆ ಒಂದು ಗೀಟು ಎಳೆದು, ಮುಂದಿನ ಮನೆಗೆ ರಸ್ತೆ ದಾಟಿದರು.